ಲಿಪಿಕಾರನ ಸಾಕ್ಷ್ಯ: ಜಪಾನೀ ಬರಹದ ಇತಿಹಾಸವೂ ಕುಂದಾಪುರ ಸೀಮೆಯ ಓಲೆಗಳೂ

ಉಡುಪಿಯಿಂದ ಬಡಗಣಕ್ಕೆ ಸಾಗಿ, ಬ್ರಹ್ಮಾವರವನ್ನು ಕಳೆದು, ಮಾಬುಕಳದಲ್ಲಿ ಸೀತಾನದಿಯನ್ನು ದಾಟಿದವನ ಕಿವಿಗೆ ನುಡಿ ಬದಲಾದುದು ಕೂಡಲೇ ತಿಳಿಯುತ್ತದೆ. ಹೊಳೆಯ ತೆಂಕಣಕ್ಕೆ ತುಳು, ಬಡಗಣಕ್ಕೆ ಕೋಟ, ಕುಂದಾಪುರ, ಬೈಂದೂರುಗಳ ಕನ್ನಡ. ಕಾಲ್ಡ್‌ವೆಲ್ಲರು 1856ರ ತಮ್ಮ ವ್ಯಾಕರಣದಲ್ಲಿ ತುಳುವಿನ ನೆಲೆಯನ್ನು ಚಂದ್ರಗಿರಿ ಮತ್ತು ಕಲ್ಯಾಣಪುರ ಹೊಳೆಗಳ ನಡುವೆ ಎಂದು ಗುರುತಿಸಿದ್ದರು. ಆದರೆ ಗಡಿಯೆಂಬುದು ಹೊಳೆಯಷ್ಟು ಸ್ಪಷ್ಟವಾದುದಲ್ಲ. ಬ್ರಹ್ಮಾವರದ ಸಂತೆಯಲ್ಲಿ ಎರಡು ನುಡಿಗಳೂ ಕೇಳಿಬರುತ್ತವೆ. ಅವುಗಳ ಜೊತೆಗೆ ಕೊಂಕಣಿಯೂ ಉಂಟು. ಇನ್ನೂ ಬಡಗಣ ಶಿರೂರಿನ ಕಡೆ ನವಾಯತಿ ಉಂಟು.

ಲಿಪಿಯ ಗಡಿಯಾದರೋ ನುಡಿಯ ಗಡಿಯೊಡನೆ ಹೊಂದುವುದೇ ಇಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಶಾಸನಗಳಲ್ಲಿ ಬಹುಪಾಲು ಕನ್ನಡ ನುಡಿಯವು, ಕನ್ನಡ ಲಿಪಿಯವು. ಸುಮಾರು 7ನೆಯ ಶತಮಾನದ ವಡ್ಡರ್ಸೆಯ ಶಾಸನವೂ, ಕರಾವಳಿಯ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು, ಇದೇ ಸೀಮೆಯದು. ಆದರೆ ಅದೇ ಊರುಗಳ ಶಿವಳ್ಳಿ, ಕೋಟ ಬ್ರಾಹ್ಮಣರ ಮನೆಗಳ ಓಲೆಗರಿಗಳಲ್ಲಿ ಸಂಸ್ಕೃತವು ತಿಗಳಾರಿ ಲಿಪಿಯಲ್ಲಿದೆ. ಮಧ್ವಾಚಾರ್ಯರ ಸಾಕ್ಷಾತ್ ಶಿಷ್ಯರಾದ ಹೃಷೀಕೇಶತೀರ್ಥರು ಬರೆದುದೆಂದು ಪಲಿಮಾರು ಮಠವು ಕಾಪಾಡಿಕೊಂಡು ಬಂದಿರುವ ಸರ್ವಮೂಲದ ಪ್ರತಿ ಈ ಲಿಪಿಯದೇ. ಅರುಣಾಬ್ಜನ ತುಳು ಮಹಾಭಾರತೊ ಮುಂತಾದ ಕೆಲವೇ ತುಳು ಕಾವ್ಯಗಳೂ ಈ ಲಿಪಿಯಲ್ಲಿ ದೊರೆತಿವೆ. ಈ ಕೆಲವನ್ನು ಕಂಡವರು ಲಿಪಿಗೇ ತುಳು ಲಿಪಿಯೆಂದು ಹೆಸರಿಟ್ಟರು. ಆ ಹೆಸರನ್ನು ನೋಡಿ, ಕಟ್ಟನ್ನು ಬಿಚ್ಚದೆಯೇ ಸಂಸ್ಕೃತದ ಓಲೆಯನ್ನು 'ತುಳು ಗ್ರಂಥ'ವೆಂದು ಸೂಚಿಯಲ್ಲಿ ಬರೆಯುವ ಪ್ರಮಾದಕ್ಕೆ ದಾರಿಯಾಯಿತು.

ಲಿಪಿ ಬೇರೆ, ನುಡಿ ಬೇರೆ ಎಂಬುದನ್ನು ಜೈನ ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಆದಿದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬ ಪರಂಪರೆಯು ಲಿಪಿಯನ್ನು ಸ್ವತಂತ್ರವಾದ ಒಂದು ವಿದ್ಯೆಯೆಂದೇ ಎಣಿಸುತ್ತದೆ. ಸಮವಾಯಾಂಗ, ಪ್ರಜ್ಞಾಪನಾ ಸೂತ್ರಗಳು ಬ್ರಾಹ್ಮಿಯನ್ನು ಮೊದಲು ಮಾಡಿ 18 ಲಿಪಿಗಳನ್ನು ಹೆಸರಿಸುತ್ತವೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದ ಷಟ್ಖಂಡಾಗಮದ ಧವಳಾ ಟೀಕೆಯು, ವೀರಸೇನಾಚಾರ್ಯರು 816ರಲ್ಲಿ ಮುಗಿಸಿದುದು, ಪ್ರಾಕೃತ ನುಡಿಯಲ್ಲಿದೆ, ಹಳಗನ್ನಡ ಲಿಪಿಯಲ್ಲಿದೆ. ಅದನ್ನು ಓದಲು ಪ್ರಾಕೃತವಷ್ಟೇ ಸಾಲದು, ಲಿಪಿಯಷ್ಟೇ ಸಾಲದು. 1896ರಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಣವು ಮೊದಲಾಗುವವರೆಗೆ ಕಳೆದ ನಾಲ್ಕು ದಶಕಗಳಿಗೆ ಇದೂ ಒಂದು ಕಾರಣ.

ನುಡಿಯು ತನ್ನದಲ್ಲದ ಲಿಪಿಯನ್ನು ತೊಟ್ಟಾಗ ಏನು ಉಳಿಯುತ್ತದೆ, ಏನು ಮರೆಯಾಗುತ್ತದೆ, ಮರೆಯಾದುದನ್ನು ಮತ್ತೆ ಹೇಗೆ ಕಾಣಬಹುದು? ಈ ಪ್ರಶ್ನೆಗೆ ಅತ್ಯಂತ ನಿಡಿದಾದ ದಾಖಲೆ ದೊರೆಯುವುದು ಜಪಾನಿನಲ್ಲಿ. ಅಲ್ಲಿಯ ಕಥೆ ದೂರದ್ದೆಂದು ತೋರಿದರೂ ಅದರ ನಡುವೆ ನಮ್ಮದೇ ವರ್ಣಮಾಲೆ ಬಂದು ಕುಳಿತಿದೆ.

ಜಪಾನೀಯರಿಗೆ ಮೊದಲು ಸ್ವಂತ ಲಿಪಿಯಿರಲಿಲ್ಲ. ಕೊರಿಯದ ಮಾರ್ಗವಾಗಿ ಚೀನೀ ಅಕ್ಷರಗಳು ಬಂದವು. ಇನಾರಿಯಾಮದ ಗೋರಿಯೊಂದರಲ್ಲಿ 1968ರಲ್ಲಿ ದೊರೆತ ಕಬ್ಬಿಣದ ಕತ್ತಿಯ ಮೇಲೆ ಚಿನ್ನದ ಎಳೆಯಿಂದ ಕೂಡಿಸಿದ 115 ಅಕ್ಷರಗಳಿರುವುದು 1978ರಲ್ಲಿ ಕ್ಷಕಿರಣದಿಂದ ತಿಳಿದುಬಂತು. ಅದರ ಕಾಲವನ್ನು ಸಾಮಾನ್ಯವಾಗಿ 471 ಎಂದು ಎಣಿಸುತ್ತಾರೆ. ಹಲ್ಮಿಡಿಯ ಶಾಸನಕ್ಕೆ ಹೆಚ್ಚು ದೂರವಿಲ್ಲದ ಕಾಲ. ಅದರ ವಾಕ್ಯ ಚೀನೀ ಭಾಷೆಯದು. ಆದರೆ ಅದರೊಳಗಿನ ಜಪಾನೀ ಹೆಸರುಗಳನ್ನು ಅಕ್ಷರಗಳ ಅರ್ಥವನ್ನು ಬಿಟ್ಟು ಉಚ್ಚಾರಣೆಯನ್ನಷ್ಟೇ ಹಿಡಿದು ಬರೆದಿದ್ದಾರೆ.

ಚೀನೀ ಅಕ್ಷರವು ಧ್ವನಿಯ ಗುರುತಲ್ಲ, ಪದದ ಗುರುತು. ನಮ್ಮಲ್ಲಿ ಇದಕ್ಕೆ ಹೋಲಿಕೆ ಬೇಕಾದರೆ ಅಂಕಿಯನ್ನು ನೋಡಬೇಕು. ೩ ಎಂಬ ಒಂದೇ ಗುರುತನ್ನು ಕನ್ನಡದ ಸಾಲಿನಲ್ಲಿ ಮೂರು ಎಂದೂ, ಸಂಸ್ಕೃತದಲ್ಲಿ ತ್ರೀಣಿ ಎಂದೂ, ಪ್ರಾಕೃತದಲ್ಲಿ ತಿಣ್ಣಿ ಎಂದೂ ಓದುತ್ತೇವೆ. ಭಾಷೆಯ ಎಲ್ಲ ಪದಗಳನ್ನೂ ಹೀಗೆ ಬರೆದರೆ ಹೇಗಿದ್ದೀತೋ ಹಾಗೆ ಚೀನೀ ಬರಹ. ಬೆಟ್ಟದ ಗುರುತನ್ನು ಜಪಾನೀಯನು ಚೀನೀ ರೀತಿಯಲ್ಲಿ 'ಸನ್' ಎಂದೂ ಓದಬಲ್ಲ, ತನ್ನ ನುಡಿಯಲ್ಲಿ 'ಯಾಮ' ಎಂದೂ ಓದಬಲ್ಲ. ಆದರೆ ವಿಭಕ್ತಿ ಪ್ರತ್ಯಯಗಳಿಗೆ, ಕ್ರಿಯಾಪದದ ಕೊನೆಗಳಿಗೆ, ಹೆಸರುಗಳಿಗೆ ಏನು ಮಾಡುವುದು? ಚೀನೀ ಭಾಷೆಯಲ್ಲಿ ಅವು ಇಲ್ಲ; ಜಪಾನಿಯಲ್ಲಿ, ನಮ್ಮ ಕನ್ನಡದಲ್ಲಿರುವಂತೆ, ಪದದ ಬೆನ್ನಿಗೆ ಒಂದರ ಮೇಲೊಂದು ಹತ್ತುತ್ತವೆ. 712ರ ಕೊಜಿಕಿಯ ಪೀಠಿಕೆಯಲ್ಲಿ ಓ ನೊ ಯಾಸುಮಾರೊ ಈ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾನೆ: ಎಲ್ಲವನ್ನೂ ಅರ್ಥದಿಂದ ಬರೆದರೆ ಮಾತು ಮನಸ್ಸಿಗೆ ಮುಟ್ಟದು, ಎಲ್ಲವನ್ನೂ ಧ್ವನಿಯಿಂದ ಬರೆದರೆ ಬೆಳೆದುಹೋಗುತ್ತದೆ, ಆದುದರಿಂದ ಎರಡನ್ನೂ ಬೆರೆಸಬೇಕಾಯಿತು ಎಂಬುದು ಅವನ ತಾತ್ಪರ್ಯ. ಸುಮಾರು 4500 ಕವಿತೆಗಳ ಮನ್‌ಯೋಶೂ ಸಂಕಲನದಲ್ಲಿ ಚೀನೀ ಅಕ್ಷರಗಳನ್ನು ಕೇವಲ ಧ್ವನಿಗಾಗಿ ಬಳಸುವ ಪದ್ಧತಿ ಪೂರ್ಣವಾಗಿ ಕಾಣುತ್ತದೆ. ಅದರಿಂದಲೇ ಅದಕ್ಕೆ ಮನ್‌ಯೋಗಾನವೆಂದು ಹೆಸರು.

ಮುಂದಿನ ಹೆಜ್ಜೆಯನ್ನಿಟ್ಟವರು ಬೌದ್ಧ ಭಿಕ್ಷುಗಳು. ಚೀನೀ ಸೂತ್ರಗ್ರಂಥವನ್ನು ಮುಂದಿಟ್ಟುಕೊಂಡು ಅದನ್ನು ಜಪಾನೀ ವಾಕ್ಯಕ್ರಮದಲ್ಲಿ ಓದಿಕೊಳ್ಳುವಾಗ ಸಾಲುಗಳ ಎಡೆಯಲ್ಲಿ ಪ್ರತ್ಯಯಗಳನ್ನು ಗುರುತು ಹಾಕಿಕೊಂಡರು. ಎಡೆ ಕಿರಿದು, ಪಾಠ ವೇಗ. ಪೂರ್ಣಾಕ್ಷರವನ್ನು ಬರೆಯಲು ಅವಕಾಶವಿಲ್ಲ. ಅಕ್ಷರದ ಒಂದು ಮೂಲೆಯನ್ನಷ್ಟೇ ಬರೆದರು. ಹೀಗೆ ಹುಟ್ಟಿತು ಕತಕಾನ, ಅಂದರೆ ತುಂಡಕ್ಷರ. ಅದೇ ಅಕ್ಷರಗಳನ್ನು ಕುಂಚದ ಓಟದಲ್ಲಿ ಮೆದುಗೊಳಿಸಿ ಬರೆದುದು ಹಿರಗಾನವಾಯಿತು. 11ನೆಯ ಶತಮಾನದ ಆದಿಯ ಗೆಂಜಿಯ ಕಥೆ ಅದರಲ್ಲಿದೆ. ಪ್ರಾಕೃತ ಗಾಹೆಯನ್ನು ಕನ್ನಡದ ಮೂಲಕ ಬಿಡಿಸಿಕೊಳ್ಳುವ ನಮ್ಮ ವೃತ್ತಿಕಾರರು ಮಾಡಿದುದೂ ಇದಕ್ಕೆ ಸಮೀಪದ ಕೆಲಸವೇ. ಕುಂದಕುಂದರ ಗ್ರಂಥಗಳಿಗೆ ಅಧ್ಯಾತ್ಮಿ ಬಾಲಚಂದ್ರರು, ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವಣ್ಣರು ಕನ್ನಡ ವೃತ್ತಿಗಳನ್ನು ಬರೆದರು. ಆದರೆ ನಮ್ಮವರಿಗೆ ಮೂಲಕ್ಕೂ ವೃತ್ತಿಗೂ ಒಂದೇ ಲಿಪಿ ಸಾಕಾಯಿತು, ಆ ಲಿಪಿಯು ಧ್ವನಿಯನ್ನು ಹಿಡಿಯುವಂತಹುದಾದ್ದರಿಂದ. ಜಪಾನೀಯರು ವೃತ್ತಿಗಾಗಿ ಲಿಪಿಯನ್ನೇ ನಿರ್ಮಿಸಿಕೊಳ್ಳಬೇಕಾಯಿತು.

ಆ ಲಿಪಿಗೆ ಕ್ರಮವನ್ನು ಕೊಟ್ಟುದು ಭಾರತದ ವರ್ಣಸಮಾಮ್ನಾಯ. ಹೋರ್ಯೂಜಿ ವಿಹಾರದಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದು ಈಗ ತೋಕ್ಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಎರಡು ತಾಳೆಗರಿಗಳಿವೆ. ಪ್ರಜ್ಞಾಪಾರಮಿತಾ ಹೃದಯಸೂತ್ರವೂ ಉಷ್ಣೀಷವಿಜಯಾ ಧಾರಣಿಯೂ ಅವುಗಳಲ್ಲಿವೆ. ಎರಡನೆಯ ಗರಿಯ ಕೊನೆಯ ಸಾಲಿನಲ್ಲಿ ವರ್ಣಮಾಲೆಯನ್ನೇ ಬರೆದಿದೆ. ಕಂಠದಿಂದ ಕೊರೆದುದಲ್ಲ, ಮೂಡಬಿದಿರೆಯ ಧವಳಾ ಪ್ರತಿಗಳಂತೆ ಮಸಿಯಿಂದ ಬರೆದುದು. ಮ್ಯಾಕ್ಸ್ ಮುಲ್ಲರರೂ ಬುನ್ಯಿಯು ನಂಜಿಯೊ ಅವರೂ ಇದನ್ನು 1884ರಲ್ಲಿ ಪ್ರಕಟಿಸಿದರು. ಲಿಪಿವಿಚಾರದ ಅನುಬಂಧವನ್ನು ಬರೆದವರು ಜೈನ ಹಸ್ತಪ್ರತಿಗಳ ಶೋಧಕರಾಗಿಯೂ ಪರಿಚಿತರಾದ ಬ್ಯೂಲರರು. ತಾಳೆಯ ಮರವಿಲ್ಲದ ನಾಡಿನಲ್ಲಿ ತಾಳೆಗರಿ ಉಳಿದು, ತಾಳೆಯ ನಾಡಿನಲ್ಲಿ ಅಷ್ಟು ಹಳೆಯ ಗರಿ ಉಳಿಯದಿರುವುದು ವಿಚಿತ್ರವೆನಿಸಬಹುದು. ಕರಾವಳಿಯ ಮಳೆಯನ್ನೂ ಗೆದ್ದಲನ್ನೂ ಬಲ್ಲವರಿಗೆ ವಿಚಿತ್ರವೆನಿಸದು.

ದಕ್ಷಿಣ ಭಾರತದ ಬೋಧಿಸೇನನೆಂಬ ಭಿಕ್ಷು 736ರಲ್ಲಿ ಜಪಾನಿಗೆ ಹೋಗಿ, 752ರಲ್ಲಿ ನಾರಾದ ಮಹಾಬುದ್ಧ ಪ್ರತಿಮೆಯ ನೇತ್ರೋನ್ಮೀಲನವನ್ನು ನಡೆಸಿದನು. ಜಪಾನಿನ ಕೂಕಾಯ್ 804ರಲ್ಲಿ ಚೀನಕ್ಕೆ ಹೋಗಿ ಸಿದ್ಧಂ ಲಿಪಿಯನ್ನು ಕಲಿತು 806ರಲ್ಲಿ ಹಿಂದಿರುಗಿದನು. ಕಾನಾಕ್ಷರಗಳನ್ನು ಇವರೇ ಸೃಷ್ಟಿಸಿದರೆಂಬ ಮಾತುಗಳು ಭಕ್ತಿಯ ಮಾತುಗಳು. ದೊಡ್ಡ ಕೆಲಸಕ್ಕೆ ದೊಡ್ಡ ಹೆಸರನ್ನು ಅಂಟಿಸುವುದು ಎಲ್ಲ ನಾಡಿನ ವಾಡಿಕೆ. ನಿಜವಾಗಿ ನಡೆದುದೇನೆಂದರೆ, ಸಿದ್ಧಂ ಕಲಿತ ಭಿಕ್ಷುಗಳ ಪರಂಪರೆಯೊಂದು ಬೆಳೆಯಿತು. 11ನೆಯ ಶತಮಾನದಲ್ಲಿ ಅವರು ಕಾನಾಕ್ಷರಗಳನ್ನು ಐದು ಸ್ವರ, ಹತ್ತು ಸಾಲುಗಳ ಕೋಷ್ಟಕದಲ್ಲಿ ಜೋಡಿಸಿದರು. ಸಿದ್ಧಂ ಎಂಬ ಹೆಸರಾದರೂ ಅಕ್ಷರಾಭ್ಯಾಸದ ಮಂಗಳಪದದಿಂದ ಬಂದುದು. ನಮ್ಮ ಐಗಳ ಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸುವ ಮಕ್ಕಳು ಮೊದಲು ಹೇಳುತ್ತಿದ್ದುದು ಆ ಸಿದ್ಧನಮನವನ್ನೇ. ಜೈನರಲ್ಲಿ ಬಹುವಾಗಿ ಪಾಠವಾಗುತ್ತಿದ್ದ ಕಾತಂತ್ರ ವ್ಯಾಕರಣವು ಆರಂಭವಾಗುವುದೂ ವರ್ಣಕ್ರಮವು ಸಿದ್ಧವಾದುದೆಂಬ ಮಾತಿನಿಂದಲೇ.

ಆ ಕೋಷ್ಟಕದ ಕ್ರಮ ಹೀಗಿದೆ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಗಕ್ರಮವನ್ನು ಇದರ ಪಕ್ಕದಲ್ಲಿಡೋಣ: ಸ್ವರ, ಕವರ್ಗ, ಚವರ್ಗ, ತವರ್ಗ, ಪವರ್ಗ, ಅನಂತರ ಯ, ರ, ವ. ಕಂಠದಿಂದ ತುಟಿಯ ಕಡೆಗೆ ನಡೆಯುವ ಅದೇ ನಡಿಗೆ. ಆದರೆ ಎರಡು ಕಡೆ ಹೆಜ್ಜೆ ತಪ್ಪಿದಂತಿದೆ. ಚಕಾರವಿರಬೇಕಾದಲ್ಲಿ ಸಕಾರವಿದೆ, ಪಕಾರವಿರಬೇಕಾದಲ್ಲಿ, ಮಕಾರದ ಹಿಂದೆ, ಹಕಾರವಿದೆ. ಹಕಾರವು ಕಂಠ್ಯ, ಓಷ್ಠ್ಯಗಳ ಮನೆಯಲ್ಲಿ ಅದಕ್ಕೇನು ಕೆಲಸ? ಹೆಜ್ಜೆ ತಪ್ಪಿಲ್ಲ. ಕೋಷ್ಟಕವನ್ನು ರಚಿಸಿದವರ ಬಾಯಲ್ಲಿ ಆ ಅಕ್ಷರವು ಇಂದಿನ ಹಕಾರವಾಗಿರಲಿಲ್ಲ, ತುಟಿಯ ಧ್ವನಿಯಾಗಿತ್ತು. ಮೊದಲು ಪ, ಅನಂತರ ತುಟಿಗಳ ನಡುವೆ ಗಾಳಿ ಸುಳಿಯುವ ಫಕಾರದಂತಹ ಧ್ವನಿ, ಕಡೆಗೆ ಹ. ಧ್ವನಿ ಮನೆ ಬಿಟ್ಟು ಹೋದರೂ ವರ್ಣಮಾಲೆಯು ಅದರ ಹಳೆಯ ಮನೆಯನ್ನು ಕಾದಿರಿಸಿದೆ.

ಇದಕ್ಕೆ ಬೇರೆ ಸಾಕ್ಷಿಗಳೂ ಉಂಟು. 1516ರ ಒಗಟುಗಳ ಸಂಗ್ರಹವೊಂದರಲ್ಲಿ, ತಾಯಿಗಾಗಿ ಎರಡು ಸಲ ಕೂಡುವುದು, ತಂದೆಗಾಗಿ ಒಮ್ಮೆಯೂ ಕೂಡದುದು ಯಾವುದು ಎಂಬ ಅರ್ಥದ ಒಗಟಿದೆ, ಉತ್ತರ ತುಟಿ. ತಾಯಿಗೆ ಜಪಾನಿಯಲ್ಲಿ 'ಹಹ', ತಂದೆಗೆ 'ಚಿಚಿ'. ಇಂದಿನ 'ಹಹ'ದಲ್ಲಿ ತುಟಿ ಕೂಡುವುದಿಲ್ಲ, ಅಂದು ಕೂಡುತ್ತಿತ್ತು. ಪೋರ್ಚುಗೀಸ್ ಪಾದ್ರಿಗಳು 1603ರಲ್ಲಿ ನಾಗಸಾಕಿಯಲ್ಲಿ ಮುದ್ರಿಸಿದ ನಿಘಂಟಿನಲ್ಲಿ ಹೂವಿಗೆ 'ಹನ' ಎಂದಿಲ್ಲ, 'ಫನ' ಎಂದಿದೆ. ದೇಶದ ಹೆಸರೇ ಎರಡು ರೂಪದಲ್ಲಿ ನಿಂತಿದೆ, ನಿಹೊನ್ ಮತ್ತು ನಿಪ್ಪೊನ್. ದ್ವಿತ್ವದೊಳಗಿನ ಪಕಾರವು ಸವೆಯದೆ ಉಳಿಯಿತು.

ಇಲ್ಲಿಗೆ ಬಂದಾಗ ಕನ್ನಡಿಗನು ನಗದಿರಲಾರ. ಪಾಲ್ ಹಾಲಾದುದು, ಪುಲಿ ಹುಲಿಯಾದುದು, ಪೂ ಹೂವಾದುದು ನಮ್ಮ ಮನೆಯ ಕಥೆ. 10ನೆಯ ಶತಮಾನದಿಂದ ಶಾಸನಗಳಲ್ಲಿ ಅಲ್ಲಲ್ಲಿ ತೋರತೊಡಗಿದ ಈ ಹಕಾರವು 14ನೆಯ ಶತಮಾನದ ವೇಳೆಗೆ ನೆಲೆಗೊಂಡಿತು. ದ್ವಿತ್ವದಲ್ಲಿ ನಮ್ಮಲ್ಲಿಯೂ ಪಕಾರವೇ ಉಳಿಯಿತು: ತುಪ್ಪ, ಉಪ್ಪು, ತಪ್ಪು. ಕುಂದಾಪುರದ ಕನ್ನಡವು ಇದಕ್ಕೆ ಇನ್ನೊಂದು ಸ್ವಾರಸ್ಯವನ್ನು ಕೂಡಿಸುತ್ತದೆ. ಹಳಗನ್ನಡದ 'ಪೋಪ' ಅಲ್ಲಿ 'ಹ್ವಾಪ' ಆಗಿದೆ, 'ಬರ್ಪ' 'ಬಪ್ಪ' ಆಗಿದೆ. ಪದದ ಮೊದಲ ಪಕಾರ ಹೋಯಿತು, ಪ್ರತ್ಯಯದ ಪಕಾರ ಉಳಿಯಿತು. ಶಿಷ್ಟ ಕನ್ನಡದಲ್ಲಿ 'ಹೋಗುವ', 'ಬರುವ' ಎಂದಾಗಿ ಅದೂ ಹೋಗಿದೆ. ಸೀತಾನದಿಯ ತೆಂಕಣ ದಡದ ತುಳುವಿನಲ್ಲಿ ಪೂ ಪೂವಾಗಿಯೇ ಇದೆ, ಹುಲಿ ಪಿಲಿಯಾಗಿಯೇ ಇದೆ. ಒಂದು ಹೊಳೆಯ ಎರಡು ದಡಗಳಲ್ಲಿ ಕನ್ನಡದ ಸಾವಿರ ವರ್ಷಗಳ ಧ್ವನಿಚರಿತ್ರೆ ಇಂದಿಗೂ ಆಡುಮಾತಾಗಿ ಕೇಳುತ್ತದೆ.

ಈ ಹೋಲಿಕೆಯಿಂದ ಬಂಧುತ್ವವನ್ನು ಕಟ್ಟಬಾರದು. ಸುಸುಮು ಓನೊ ಎಂಬ ವಿದ್ವಾಂಸರು 1980ರ ದಶಕದಲ್ಲಿ ಜಪಾನೀ ಭಾಷೆಗೂ ತಮಿಳಿಗೂ ಸಂಬಂಧವಿದೆಯೆಂದು ವಿಸ್ತಾರವಾಗಿ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ಪಕಾರವು ಹಕಾರವಾಗುವುದು ಲೋಕದ ಅನೇಕ ಭಾಷೆಗಳಲ್ಲಿ ತಮ್ಮ ತಮ್ಮಷ್ಟಕ್ಕೆ ನಡೆದ ಪರಿಣಾಮ. ಹಸ್ತಪ್ರತಿಶಾಸ್ತ್ರಕ್ಕೆ ಬೇಕಾದುದು ಬಂಧುತ್ವವಲ್ಲ, ಧ್ವನಿ ಹೋದ ಮೇಲೂ ಬರಹವು ಅದರ ಗುರುತನ್ನು ಹೇಗೆ ಇಟ್ಟುಕೊಂಡಿರುತ್ತದೆ ಎಂಬ ವಿಚಾರ.

ಬರಹವು ಇಟ್ಟುಕೊಳ್ಳದುದೂ ಉಂಟು. ಹಳೆಯ ಕನ್ನಡ ಓಲೆಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವನ್ನು ತೋರಿಸುವ ವಾಡಿಕೆಯಿಲ್ಲ. ಛಂದಸ್ಸೂ ಅರ್ಥವೂ ತಿಳಿಸಬೇಕು. ತಿಗಳಾರಿಯಂತೂ ಸಂಸ್ಕೃತಕ್ಕಾಗಿ ಬೆಳೆದ ಲಿಪಿಯಾದುದರಿಂದ ಹ್ರಸ್ವ ಎಕಾರ ಒಕಾರಗಳಿಗೆ ಅದರಲ್ಲಿ ಬೇರೆ ಅಕ್ಷರಗಳೇ ಇರಲಿಲ್ಲ. ಸಂಸ್ಕೃತಕ್ಕೆ ಅದು ಕೊರತೆಯಲ್ಲ. ಅದೇ ಲಿಪಿಯಲ್ಲಿ ಕನ್ನಡವನ್ನೋ ತುಳುವನ್ನೋ ಬರೆದಾಗ ಕೊರತೆ. ಕಾನಾಕ್ಷರಗಳಲ್ಲಿಯೂ ಹೀಗೆಯೇ: ಕಕಾರವನ್ನು ಗಕಾರದಿಂದ, ತಕಾರವನ್ನು ದಕಾರದಿಂದ ಬೇರ್ಪಡಿಸುವ ಎರಡು ಚುಕ್ಕೆಗಳನ್ನು ಬಹುಕಾಲ ನಿಯತವಾಗಿ ಹಾಕುತ್ತಿರಲಿಲ್ಲ. ಓದುವವನಿಗೆ ನುಡಿ ಬರುತ್ತದೆಂಬ ನಂಬಿಕೆಯ ಮೇಲೆ ಇಂತಹ ಬರಹಗಳು ನಿಂತಿವೆ. ನುಡಿ ಬರದವನು ಓದತೊಡಗಿದಾಗಲೇ ತೊಡಕು.

ಕನ್ನಡದ ಲಿಪಿಯು ಕಾದಿಟ್ಟು, ಅನಂತರ ನಾವೇ ಕೈಬಿಟ್ಟ ಅಕ್ಷರಗಳು ಎರಡು, ಱ ಮತ್ತು ೞ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೞಕಾರದ ಪದಗಳನ್ನು ಎಣಿಸಿ ಕೊಡುವ ಶ್ರಮವನ್ನು ವಹಿಸಿದುದೇ ಆ ಭೇದವು ಆಡುಮಾತಿನಿಂದ ಜಾರುತ್ತಿತ್ತೆಂಬುದಕ್ಕೆ ಗುರುತು. 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಜೀವಿಸು. 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಕಿವಿಗೆ ಒಂದಾದುದು ಓಲೆಯ ಮೇಲೆ ಎರಡಾಗಿಯೇ ಇದೆ. ಆಡುಮಾತಿನಲ್ಲಿ ಇದರ ಕುರುಹು ಬೇಕಾದರೆ ಮತ್ತೆ ಬ್ರಹ್ಮಾವರದ ಸಂತೆಗೇ ಹೋಗಬೇಕು: ಹಳೆಯ 'ಬಾೞೆ'ಯು ಕನ್ನಡದವನ ಬಾಯಲ್ಲಿ ಬಾಳೆ, ತುಳುವಿನವನ ಬಾಯಲ್ಲಿ ಬಾರೆ. ಳಕಾರವೂ ರಕಾರವೂ ಹೀಗೆ ಒಂದೇ ಪದದಲ್ಲಿ ಎದುರಾಗುವುದು ಕಳೆದುಹೋದ ಮೂರನೆಯ ಧ್ವನಿಯಿಂದ.

ಜಪಾನಿನಲ್ಲಿ ಇಂತಹುದೇ ಸಂಗತಿಯು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಮೊತೊಓರಿ ನೊರಿನಾಗನು ಸುಮಾರು 35 ವರ್ಷ ದುಡಿದು 1798ರಲ್ಲಿ ಕೊಜಿಕಿಯ ಮಹಾವ್ಯಾಖ್ಯಾನವನ್ನು ಮುಗಿಸಿದನು. ಕೊಜಿಕಿಯಲ್ಲಿ ಒಂದೇ ಧ್ವನಿಗೆ ಹಲವು ಚೀನೀ ಅಕ್ಷರಗಳಿದ್ದರೂ ಕೆಲವು ಪದಗಳಲ್ಲಿ ಕೆಲವು ಅಕ್ಷರಗಳು ಮಾತ್ರ ಬರುತ್ತವೆಂಬುದು ಅವನ ಕಣ್ಣಿಗೆ ಬಿತ್ತು. ಅವನ ಶಿಷ್ಯ ಇಶಿಜುಕ ತತ್ಸುಮಾರೊ ಹಳೆಯ ಗ್ರಂಥಗಳನ್ನೆಲ್ಲ ಶೋಧಿಸಿ, ಯಾವ ಪದದಲ್ಲಿ ಯಾವ ಅಕ್ಷರ ಎಂಬ ಪಟ್ಟಿಯನ್ನು ಮಾಡಿದನು. ಕಾರಣ ಅವನಿಗೂ ಹೊಳೆಯಲಿಲ್ಲ. ಆ ಗ್ರಂಥ ಹಸ್ತಪ್ರತಿರೂಪದಲ್ಲೇ ಉಳಿದು, 1917ರಲ್ಲಿ ಹಾಶಿಮೊತೊ ಶಿಂಕಿಚಿ ಅದರ ಮಹತ್ತ್ವವನ್ನು ಎತ್ತಿ ತೋರಿಸಿದರು. 8ನೆಯ ಶತಮಾನದ ಜಪಾನಿಯಲ್ಲಿ ಇ, ಎ, ಒ ಸ್ವರಗಳ ಹಲವು ಅಕ್ಷರಗಳು ಎರಡೆರಡು ಬಗೆಯಾಗಿದ್ದು, ಮುಂದೆ ಅವು ಒಂದಾದವೆಂಬುದು ಹೀಗೆ ಸಿದ್ಧವಾಯಿತು. 'ಕಮಿ' ಎಂದರೆ ದೇವತೆ, 'ಕಮಿ' ಎಂದರೆ ಮೇಲಣದು. ಮೇಲಿರುವವನೇ ದೇವತೆ ಎಂಬ ನಿರುಕ್ತಿ ಪ್ರಚಾರದಲ್ಲಿತ್ತು. ಹಳೆಯ ಬರಹದಲ್ಲಿ ಆ ಎರಡು ಮಿಕಾರಗಳು ಬೇರೆ ಬೇರೆ ವರ್ಗದವು. ನಿರುಕ್ತಿ ಬಿದ್ದುಹೋಯಿತು, ಕತ್ತಿಯೇ ಬಾಳು ಎಂದು ಯಾರಾದರೂ ನಿರುಕ್ತಿ ಹೇಳಿದರೆ ೞಕಾರವು ಅದನ್ನು ಬೀಳಿಸುವಂತೆ.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ. ಜಪಾನೀ ಕಾವ್ಯದಲ್ಲಿ ಪ್ರಾಸನಿಯಮವಿಲ್ಲ. ಅಕ್ಷರದ ಆಯ್ಕೆಯೊಂದೇ ಅಲ್ಲಿಯ ಸಾಕ್ಷಿ. ನಮ್ಮಲ್ಲಿ ದ್ವಿತೀಯಾಕ್ಷರ ಪ್ರಾಸವಿದೆ. ಒಬ್ಬ ಕವಿ ೞಕಾರಕ್ಕೆ ೞಕಾರವನ್ನೇ ಹೊಂದಿಸಿದ್ದಾನೆಯೋ, ಳಕಾರದೊಡನೆ ಬೆರೆಸಿದ್ದಾನೆಯೋ ಎಂಬುದರಿಂದ ಕವಿಯ ಸಾಕ್ಷ್ಯವನ್ನು ಲಿಪಿಕಾರನ ಸಾಕ್ಷ್ಯದಿಂದ ಬೇರ್ಪಡಿಸಬಹುದು. ಪ್ರತಿಯಲ್ಲಿ ಪಕಾರವಿದ್ದ ಮಾತ್ರಕ್ಕೆ ಕೃತಿ ಹಳೆಯದೆನ್ನಲಾಗದು, ಲಿಪಿಕಾರನು ಹಳತನ್ನು ಮೆಚ್ಚಿ ಹಾಗೆ ಬರೆದಿರಬಹುದು. ಹಕಾರವಿದ್ದ ಮಾತ್ರಕ್ಕೆ ಹೊಸದೆನ್ನಲಾಗದು, ತನ್ನ ಬಾಯಿಯಂತೆ ಬರೆದಿರಬಹುದು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' (1964) ಲಿಪಿಕಾರರ ಸ್ಖಾಲಿತ್ಯಗಳನ್ನು ವಿವರವಾಗಿ ವಿಂಗಡಿಸಿರುವುದು ಇಂತಹ ವಿವೇಚನೆಗಾಗಿಯೇ.

ಲಿಪಿಕಾರನು ತಿದ್ದಬೇಕೆ, ಇದ್ದಂತೆ ಬರೆಯಬೇಕೆ? ಕಿ ನೊ ತ್ಸುರಾಯುಕಿ ಸುಮಾರು 935ರಲ್ಲಿ ಬರೆದ ತೊಸ ನಿಕ್ಕಿ ಎಂಬ ಪ್ರವಾಸಕಥನದ ಸ್ವಹಸ್ತಪ್ರತಿಯು 13ನೆಯ ಶತಮಾನದವರೆಗೂ ಕ್ಯೋತೋದ ಒಂದು ವಿಹಾರದ ಭಂಡಾರದಲ್ಲಿ ಉಳಿದಿತ್ತು. 1235ರಲ್ಲಿ ಅದು ಫುಜಿವಾರ ನೊ ತೇಯ್ಕನ ಕೈಗೆ ಬಂತು. ಅವನು ಆ ಕಾಲದ ಕವಿ, ಮಹಾಪಂಡಿತ, ಕಾನಾಕ್ಷರಗಳ ವರ್ಣನಿಯಮವನ್ನು ತಾನೇ ವಿಧಿಸಿದವನು. ತನಗೆ 74 ವಯಸ್ಸು, ಕಣ್ಣು ಕುರುಡಾದಂತಿದೆ ಎಂದು ಕೊನೆಯಲ್ಲಿ ಬರೆದುಕೊಂಡಿದ್ದಾನೆ. ಬೆನ್ನು, ಸೊಂಟ, ಕೊರಳು ಮುರಿದವೆಂದು ಹಲುಬುವ ನಮ್ಮ ಲಿಪಿಕಾರರ ನೆನಪಾಗುತ್ತದೆ. ಅವನು ತನ್ನ ನಿಯಮದಂತೆ ವರ್ಣಗಳನ್ನು ಬದಲಿಸಿ, ತನಗೆ ಸರಿಯೆಂದು ತೋರಿದಂತೆ ಅಲ್ಲಲ್ಲಿ ತಿದ್ದಿ ಪ್ರತಿಮಾಡಿದನು. ಕೊನೆಯ ಎರಡು ಪುಟಗಳನ್ನು ಮಾತ್ರ ತ್ಸುರಾಯುಕಿಯ ಕೈಬರಹ ಹೇಗಿತ್ತೆಂದು ತೋರಿಸಲು ಅನುಕರಿಸಿ ಬರೆದನು. ಮರುವರ್ಷ, 1236ರಲ್ಲಿ, ಅವನ ಮಗ ತಮೇಯಿಯೆ ಅದೇ ಸ್ವಹಸ್ತಪ್ರತಿಯಿಂದ ಒಂದಕ್ಷರವೂ ವ್ಯತ್ಯಾಸವಾಗದಂತೆ ಇನ್ನೊಂದು ಪ್ರತಿಯನ್ನು ಮಾಡಿದನು. ನೋಡಿದಂತೆ ಬರೆದೆ, ತಪ್ಪೊಪ್ಪು ನನ್ನದಲ್ಲ ಎನ್ನುವ ನಮ್ಮ ಲಿಪಿಕಾರರ ಮಾತನ್ನು ಅವನು ಅಕ್ಷರಶಃ ಪಾಲಿಸಿದನೆನ್ನಬಹುದು.

ಮೂಲಪ್ರತಿ ಮುಂದೆ ಕಳೆದುಹೋಯಿತು. ಇಕೆದ ಕಿಕನ್ 1941ರಲ್ಲಿ ತಮ್ಮ ಗ್ರಂಥಸಂಪಾದನಾಶಾಸ್ತ್ರದ ಬೃಹದ್ಗ್ರಂಥದಲ್ಲಿ, ಮಗನ ಪ್ರತಿಯಿಂದ ಇಳಿದುಬಂದ ಒಂದು ಪ್ರತಿಯನ್ನೇ ಮುಖ್ಯವಾಗಿ ಆಧರಿಸಿ ತ್ಸುರಾಯುಕಿಯ ಪಾಠವನ್ನು ಪುನಾರಚಿಸಿದರು. 1984ರಲ್ಲಿ ತಮೇಯಿಯೆಯ ಪ್ರತಿಯೇ ಬೆಳಕಿಗೆ ಬಂದು ಇಕೆದರ ಪುನಾರಚನೆಯನ್ನು ಎತ್ತಿಹಿಡಿಯಿತು. ಅದನ್ನು ನೋಡಲು ಅವರು ಇರಲಿಲ್ಲ, 1956ರಲ್ಲಿಯೇ ತೀರಿಕೊಂಡಿದ್ದರು. ತಂದೆಯ ಪಾಂಡಿತ್ಯಕ್ಕಿಂತ ಮಗನ ವಿಧೇಯತೆ ಪಾಠಕ್ಕೆ ಹೆಚ್ಚು ನೆರವಾಯಿತು. ತೇಯ್ಕನ ವರ್ಣನಿಯಮವಾದರೂ ನಿಲ್ಲಲಿಲ್ಲ. 17ನೆಯ ಶತಮಾನದ ಕೊನೆಯಲ್ಲಿ ಕೇಯ್ಚೂ ಎಂಬ ಭಿಕ್ಷು ಮನ್‌ಯೋಶೂ ಮೊದಲಾದ ಹಳೆಯ ಗ್ರಂಥಗಳ ಬರಹವನ್ನೇ ಪ್ರಮಾಣವಾಗಿಟ್ಟು ಅದನ್ನು ನಿರಾಕರಿಸಿದನು. ಕೇಯ್ಚೂ ಸಿದ್ಧಂ ಶಾಸ್ತ್ರವನ್ನು ಓದಿದವನು. ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ವಿಚಾರಿಸುವ ಅಭ್ಯಾಸ ಅವನಿಗೆ ಅಲ್ಲಿಂದ ಬಂದಿರಬೇಕು.

ಆಧುನಿಕ ಕಾಲದ ಬದಲಾವಣೆಗಳು ಬೇಗ ಹೇಳಿ ಮುಗಿಯುವಂತಹವು. 1900ರಲ್ಲಿ ಶಾಲೆಗಳಿಗಾಗಿ ಒಂದು ಧ್ವನಿಗೆ ಒಂದೇ ಹಿರಗಾನ ಎಂದು ನಿಗದಿಯಾಯಿತು. ಅದುವರೆಗೆ ಒಂದೊಂದಕ್ಕೆ ಹಲವು ರೂಪಗಳಿದ್ದವು. 1946ರಲ್ಲಿ ಉಚ್ಚಾರಣೆಗೆ ಹೊಂದುವ ಹೊಸ ವರ್ಣನಿಯಮವೂ 1850 ಚೀನೀ ಅಕ್ಷರಗಳ ಪಟ್ಟಿಯೂ ಬಂದವು. ಆ ಪಟ್ಟಿ 1981ರಲ್ಲಿ 1945ಕ್ಕೆ, 2010ರಲ್ಲಿ 2136ಕ್ಕೆ ಬೆಳೆಯಿತು. ಹೊಸ ನಿಯಮದಲ್ಲಿಯೂ ವಾಕ್ಯದ ವಿಷಯವನ್ನು ಸೂಚಿಸುವ 'ವ' ಎಂಬ ಅವ್ಯಯವನ್ನು ಹಕಾರದ ಅಕ್ಷರದಿಂದಲೇ ಬರೆಯುತ್ತಾರೆ, ಹಳೆಯ ಪಕಾರದ ಕೊನೆಯ ನೆನಪು. ಈ ಸುಧಾರಣೆಗಳಿಂದ ಮಕ್ಕಳಿಗೆ ಓದು ಸುಲಭವಾಯಿತು. ಆದರೆ ಸಾಕ್ಷರತೆಗೆ ಹೆಸರಾದ ಆ ದೇಶದಲ್ಲಿ, ನೂರೈವತ್ತು ವರ್ಷಗಳ ಹಿಂದಿನ ಮುತ್ತಜ್ಜನ ಓಲೆಯನ್ನು ಓದಬಲ್ಲವರು ಇಂದು ಬಹಳ ವಿರಳ. ಕುಂಚದ ಆ ಹಳೆಯ ಬರಹವನ್ನು ಓದುವ 'ಮಿವೊ' ಎಂಬ ಗಣಕಸಾಧನವನ್ನು 2021ರಲ್ಲಿ ಜನರ ಕೈಗೆ ಕೊಟ್ಟರು. ವಿದ್ವಾಂಸರು ಪುಟಪುಟವನ್ನೂ ಅಕ್ಷರ ಅಕ್ಷರವಾಗಿ ಗುರುತಿಸಿ ಕೊಟ್ಟ ಸಾಮಗ್ರಿಯಿಂದ ಯಂತ್ರವು ಕಲಿತದ್ದು.

ತಿಗಳಾರಿಯನ್ನು 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16.0ರೊಳಗೆ 'ತುಳು–ತಿಗಳಾರಿ' ಎಂಬ ಜೋಡಿಹೆಸರಿನಿಂದ ಸೇರಿಸಿದ್ದಾರೆ. ಅಕ್ಷರಗಳಿಗೆ ಸ್ಥಾನ ದೊರೆಯಿತು. ಓಲೆಗಳನ್ನು ಓದುವುದು ಇನ್ನೂ ಮನುಷ್ಯರ ಕೆಲಸವೇ. ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' (1948) ಮೂಡಬಿದಿರೆ ಮೊದಲಾದ ಭಂಡಾರಗಳಿಗೆ ಮಾಡಿದ ಉಪಕಾರವು ಸೀತಾನದಿಯ ಬಡಗಣ ಮನೆಗಳ ಓಲೆಗಳಿಗೂ ದೊರೆಯಬೇಕಾಗಿದೆ. ಅಂತಹ ಸೂಚಿಯಲ್ಲಿ ನುಡಿಗೊಂದು, ಲಿಪಿಗೊಂದು ಬೇರೆ ಬೇರೆ ಅಂಕಣಗಳಿರಬೇಕು. ತಿಗಳಾರಿಯೆಂದು ಬರೆದ ಮೇಲೆ ಸಂಸ್ಕೃತವೋ ಕನ್ನಡವೋ ತುಳುವೋ ಎಂಬುದನ್ನು ಗರಿಯನ್ನು ಓದಿಯೇ ತುಂಬಬೇಕು. ಪ್ರತಿಮಾಡುವವರು ೞ, ಱ, ಪಕಾರ ಹಕಾರಗಳನ್ನು ಗರಿಯಲ್ಲಿದ್ದಂತೆಯೇ ಇಳಿಸಿ, ಹ್ರಸ್ವ ದೀರ್ಘಗಳ ನಿರ್ಣಯವನ್ನು ಮೂಲದ ಸಾಲಿನೊಳಗೆ ಸೇರಿಸದೆ ಅಂಚಿನಲ್ಲಿ ಬರೆಯಬೇಕು. ತಿದ್ದುಪಾಠವು ಎಷ್ಟೇ ಸಮಂಜಸವಾಗಿದ್ದರೂ ಅದರ ಸ್ಥಳ ಅಂಚು. ಛಾಯಾಚಿತ್ರವನ್ನು ತೆಗೆಯುವಾಗ ಗರಿಯ ಎರಡು ಮೈಗಳನ್ನೂ, ಕಟ್ಟಿನ ಮೇಲಣ ಹಲಗೆಯನ್ನೂ, ಬರಿದೆಂದು ತೋರುವ ಮೊದಲ ಮತ್ತು ಕೊನೆಯ ಗರಿಗಳನ್ನೂ ಬಿಡದೆ ತೆಗೆಯಬೇಕು. ಲಿಪಿಕಾರನ ಹೆಸರು, ಸಂವತ್ಸರ, ಊರು ಬಹುಶಃ ಅಲ್ಲಿಯೇ ಇರುತ್ತವೆ.